ಉಸಿರು ಸಾಲದೆನ್ನುವವರಿಗೆ ‘ಜೋರಾಗಿ ಉಸಿರೆಳೆದುಕೊಳ್ಳಿ’ ಎಂದು ನಾನೀಗ ಹೇಳುವುದಿಲ್ಲ

ಹೃದಯ, ಶ್ವಾಸಕೋಶ, ರಕ್ತ ಎಲ್ಲವನ್ನೂ ವೈದ್ಯರಲ್ಲಿ ಪರೀಕ್ಷಿಸಿಕೊಂಡು, ಏನೂ ದೋಷವಿಲ್ಲವೆಂದು ಹೇಳಿಸಿಕೊಂಡ ಮೇಲೂ ‘ಉಸಿರು ಸಾಲುತ್ತಿಲ್ಲ’ ಎನ್ನುತ್ತ ಆಪ್ತಸಲಹೆಗೆ ಬರುವವರು ಅನೇಕರು. ಮೂವತ್ತರ ಆಸುಪಾಸಿನ ಈ ಮಹಿಳೆಯೂ ಅವರಲ್ಲೊಬ್ಬರು. ಮೊದಲ ಭೇಟಿಯಲ್ಲಿ ನಾನು ಜೋರಾಗಿ ಉಸಿರೆಳೆದುಕೊಳ್ಳಲು ಹೇಳಿದೆ. ಅವರು ಹಾಗೆಯೇ ಮಾಡಿದರು, ಬೆರಳುಗಳು ಜುಮುಗುಟ್ಟಿ ಗಾಬರಿ ಇಮ್ಮಡಿಯಾಯಿತು. ಆ ತಪ್ಪು ನನ್ನನ್ನು ಬಹಳ ದಿನ ಕಾಡಿತು.

ಮೂರನೆಯ ಭೇಟಿಯಲ್ಲಿ ಅವರು ಕೇಳಿದರು: “ಮೇಡಂ, ಬೆರಳಿಗೆ ಸಿಕ್ಕಿಸುವ ಯಂತ್ರ 99 ತೋರಿಸುತ್ತದೆ, ಆದರೂ ಎದೆ ತುಂಬುವುದಿಲ್ಲ. ಸುಳ್ಳು ಹೇಳುತ್ತಿರುವುದು ಅದೋ, ನಾನೋ?”

ಇಬ್ಬರೂ ಅಲ್ಲ ಎಂದೆ. ಯಂತ್ರ ಅಳೆಯುವುದು ರಕ್ತದ ಆಮ್ಲಜನಕವನ್ನು. ಉಸಿರು ಸಾಕೆನಿಸುವ ಭಾವಕ್ಕೆ ಅದೊಂದೇ ಆಧಾರವಲ್ಲ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಲ್ಲಿ ಹಿಗ್ಗುವಿಕೆಯನ್ನು ಅರಿಯುವ ಸಂವೇದಕಗಳಿವೆ, ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆಯಿಂದ ಕುತ್ತಿಗೆಯ ಮಟ್ಟದ ಬೆನ್ನುಹುರಿಗೆ ಸುದ್ದಿ ಒಯ್ಯುವ ನರವಿದೆ, ಮತ್ತು ಈ ಸುದ್ದಿ ಮಿದುಳಿನ ಹೊರಪದರದವರೆಗೂ ತಲುಪುತ್ತದೆ. ಸ್ನಾಯುವಿಗೆ ಕೊಟ್ಟ ಆಜ್ಞೆ ದೊಡ್ಡದಾಗಿದ್ದು ಎದೆಯ ಚಲನೆ ಚಿಕ್ಕದಾದಾಗ ಉಸಿರುಗಟ್ಟಿದ ಅನುಭವ ಹುಟ್ಟುತ್ತದೆಂಬ ವಿಚಾರವನ್ನು ಸಂಶೋಧಕರಾದ ಕ್ಯಾಂಪ್‌ಬೆಲ್ ಮತ್ತು ಹೋವೆಲ್ 1963ರಲ್ಲಿ ಮುಂದಿಟ್ಟರು. ಭಯದಲ್ಲಿ ನಾವು ಮಾಡುವುದೂ ಇದನ್ನೇ: ಪೂರ್ತಿ ಉಸಿರು ಬಿಡದೆ, ಆಗಲೇ ಉಬ್ಬಿರುವ ಎದೆಗೆ ಮತ್ತಷ್ಟು ಗಾಳಿ ಎಳೆಯುತ್ತೇವೆ.

1954ರಲ್ಲಿ ಫೌಲರ್ ಎಂಬ ಸಂಶೋಧಕ ನಡೆಸಿದ ಪ್ರಯೋಗವನ್ನೂ ಹೇಳಿದೆ. ಇನ್ನು ತಡೆಯಲಾರೆನೆನ್ನುವಷ್ಟು ಹೊತ್ತು ಉಸಿರು ಹಿಡಿದವರಿಗೆ ಆಮ್ಲಜನಕ ಕಡಿಮೆಯಿದ್ದ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ಗಾಳಿಯನ್ನೇ ಕೆಲವು ಸಲ ಉಸಿರಾಡಲು ಕೊಟ್ಟರೂ ನಿರಾಳವಾಯಿತು, ಅವರು ಮತ್ತೆ ಉಸಿರು ಹಿಡಿಯಬಲ್ಲವರಾದರು. ಎದೆ ಚಲಿಸಿದ್ದೇ ಅವರಿಗೆ ದೊರೆತ ಸಮಾಧಾನ.

ಆ ಮಹಿಳೆ ಬಹಳ ಹೊತ್ತು ಸುಮ್ಮನಿದ್ದು, “ಅಂದರೆ ನನಗೆ ಆಗುತ್ತಿರುವುದು ನಿಜವಾಗಿಯೂ ಆಗುತ್ತಿದೆ” ಎಂದರು.

ಕೊಟ್ಟ ಸಲಹೆ ಇಷ್ಟೇ: ಅಂಗೈಗಳನ್ನು ಕೆಳಪಕ್ಕೆಗಳ ಮೇಲಿಟ್ಟುಕೊಂಡು, ಪಕ್ಕೆಗಳು ಇಳಿಯುವುದು ಕೈಗೆ ತಿಳಿಯುವವರೆಗೆ ನಿಧಾನವಾಗಿ ಉಸಿರು ಬಿಡುವುದು, ಮುಂದಿನ ಉಸಿರನ್ನು ಎಳೆಯದೆ, ತಾನಾಗಿ ಬರಲು ಬಿಡುವುದು. ಹೊಸದಾಗಿ ಶುರುವಾದ ಏದುಸಿರಿಗೆ ಇದು ಮದ್ದಲ್ಲ, ಅದಕ್ಕೆ ಮೊದಲು ವೈದ್ಯರೇ ಬೇಕು.

ಆಪ್ತಸಲಹೆಗಾರರಿಗೆ ನರ, ಸ್ನಾಯುಗಳ ಮಾತೇಕೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂಬ ಮಾತಿನಿಂದ ತನ್ನ ದೇಹವನ್ನೇ ನಂಬದಂತಾದವರಿಗೆ ಬೇರೆ ಯಾವ ಮಾತಿನಿಂದ ಶುರುಮಾಡಬೇಕೋ ನನಗೆ ತೋಚುವುದಿಲ್ಲ. ಭಯ ಈ ಸುದ್ದಿಯನ್ನು ಹಿಗ್ಗಿಸುತ್ತದೆ, ಆ ಭಯವನ್ನು ತಗ್ಗಿಸುವ ಕೆಲಸ ನಮ್ಮ ಮುಂದಿನ ಭೇಟಿಗಳಲ್ಲಿ ನಡೆಯಿತು. ಉಸಿರಿನ ತೊಂದರೆ ಅವರಿಗೆ ಈಗಲೂ ಆಗಾಗ ಬರುತ್ತದೆ. ಬಂದಾಗ ಯಂತ್ರವನ್ನು ಹುಡುಕುವ ಮೊದಲು ಕೈ ಪಕ್ಕೆಗೆ ಹೋಗುತ್ತದೆ ಎನ್ನುತ್ತಾರೆ.