ಸಿಎಂಟಿ ಇರುವ ಮಗುವಿನ ಪಾದಕ್ಕೆ ಟೆಂಡನ್ ಆಪರೇಷನ್: ಈಗಲೇ ಮಾಡಿಸಬೇಕಾ, ಕಾಯಬೇಕಾ?

ನಿಮ್ಮ ಮಗನಿಗೆ 11 ವರ್ಷ. ಜೀನ್ ಟೆಸ್ಟಿನಲ್ಲಿ ಶಾರ್ಕೋ-ಮರೀ-ಟೂತ್, ಅಂದರೆ ಸಿಎಂಟಿ ಎನ್ನುವ, ವಂಶದಲ್ಲಿ ಬರುವ ನರದ ಕಾಯಿಲೆ ಅಂತ ಬಂದಿದೆ. ಮಂಗಳೂರಿನ ಒಬ್ಬ ಡಾಕ್ಟರು ಪಾದದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಆಪರೇಷನ್ ಮಾಡಿಸಿ ಅಂದರು, ಇನ್ನೊಬ್ಬರು ಬೆಳವಣಿಗೆ ಮುಗಿಯಲಿ ಅಂದರು. ಯಾರ ಮಾತು ಕೇಳುವುದು ಅಂತ ನಿಮ್ಮ ಪ್ರಶ್ನೆ.

ನಾನು ಡಾಕ್ಟರಲ್ಲ, ಉಡುಪಿಯ ಒಬ್ಬ ತಾಯಿ. ನನ್ನ ಗಂಡನಿಗೂ ಮಗಳಿಗೂ ಇದೇ ಕಾಯಿಲೆ ಉಂಟು, 1ಎ ಎನ್ನುವ ವಿಧ. ಮಗಳ ಬಲಗಾಲಿಗೆ ಈ ಆಪರೇಷನ್ ಆಗಿದೆ. ನನಗೆ ಗಟ್ಟಿಯಾಗಿ ಅನಿಸುವುದು ಇಷ್ಟು: ವಯಸ್ಸೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಪಾದ ಇನ್ನೂ ಮೆತ್ತಗಿದೆಯಾ, ಕೈಯಲ್ಲಿ ಹಿಡಿದು ತಿರುಗಿಸಿದರೆ ನೇರಕ್ಕೆ ಬರುತ್ತದಾ, ಕಳೆದ ಒಂದು ವರ್ಷದಲ್ಲಿ ಅದು ಎಷ್ಟು ಬದಲಾಗಿದೆ, ಇವನ್ನು ನೋಡಿ.

ಪಾದ ಯಾಕೆ ಹೀಗಾಗುತ್ತದೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ಈ ಕಾಯಿಲೆಯಲ್ಲಿ ಅತಿ ಉದ್ದದ ನರಗಳು ಮೊದಲು ಸೋಲುತ್ತವೆ, ಹಾಗಾಗಿ ಶುರುವಾಗುವುದೇ ಪಾದದಿಂದ. ಆದರೆ ಎಲ್ಲ ಸ್ನಾಯುಗಳೂ ಒಟ್ಟಿಗೆ ಸೋಲುವುದಿಲ್ಲ. ಪಾದವನ್ನು ಮೇಲೆತ್ತುವ ಟಿಬಿಯಾಲಿಸ್ ಆ್ಯಂಟೀರಿಯರ್ ಮತ್ತು ಹೊರಗೆ ತಿರುಗಿಸುವ ಪೆರೋನಿಯಸ್ ಬ್ರೆವಿಸ್ ಬೇಗ ಬಲ ಕಳೆದುಕೊಳ್ಳುತ್ತವೆ. ಒಳಗೆ ಎಳೆಯುವ ಟಿಬಿಯಾಲಿಸ್ ಪೋಸ್ಟೀರಿಯರ್ ಮತ್ತು ಹೆಬ್ಬೆರಳ ಬುಡವನ್ನು ಕೆಳಗೆ ಒತ್ತುವ ಪೆರೋನಿಯಸ್ ಲಾಂಗಸ್ ತುಂಬಾ ಸಮಯ ಗಟ್ಟಿಯಾಗಿಯೇ ಇರುತ್ತವೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಸುಸ್ತಾಗಿ, ಇನ್ನೊಂದು ಕಡೆಯವರು ಎಳೆಯುತ್ತಲೇ ಇದ್ದರೆ ಹೇಗೋ ಹಾಗೆ. ಕಮಾನು ಎತ್ತರ ಆಗುತ್ತದೆ, ಹಿಮ್ಮಡಿ ಒಳಗೆ ವಾಲುತ್ತದೆ, ಬೆರಳು ಮಡಚಿಕೊಳ್ಳುತ್ತವೆ. ಮಗು ಪಾದದ ಹೊರ ಅಂಚಿನ ಮೇಲೆ ನಡೆಯುತ್ತದೆ, ಪದೇ ಪದೇ ಕಾಲು ಉಳುಕುತ್ತದೆ.

ಟೆಂಡನ್ ಟ್ರಾನ್ಸ್‌ಫರ್ ಅಂದರೆ ಜಾಸ್ತಿ ಎಳೆಯುವ ಕಡೆಯಿಂದ ಒಬ್ಬನನ್ನು ತೆಗೆದು ಸೋತ ಕಡೆಗೆ ನಿಲ್ಲಿಸುವುದು. ಮಗಳಿಗೆ ಟಿಬಿಯಾಲಿಸ್ ಪೋಸ್ಟೀರಿಯರ್ ಟೆಂಡನನ್ನು ಕಾಲಿನ ಎರಡು ಮೂಳೆಗಳ ನಡುವಿನಿಂದ ಮುಂದಕ್ಕೆ ತಂದು ಪಾದದ ಮೇಲ್ಭಾಗಕ್ಕೆ ಜೋಡಿಸಿದರು. ಪೆರೋನಿಯಸ್ ಲಾಂಗಸನ್ನು ಬ್ರೆವಿಸ್‌ಗೆ ಸೇರಿಸಿದರು. ಅಂಗಾಲಿನ ಬಿಗಿಯಾದ ಪಟ್ಟಿಯನ್ನು ಬಿಡಿಸಿದರು. ಎಲ್ಲ ಮಕ್ಕಳಿಗೂ ಇವೇ ಕೆಲಸಗಳು ಅಂತಲ್ಲ. ಕೆಲವರಿಗೆ ಹೆಬ್ಬೆರಳ ಬುಡದ ಮೂಳೆ ಅಥವಾ ಹಿಮ್ಮಡಿ ಮೂಳೆಯನ್ನೂ ಕತ್ತರಿಸಿ ಕೋನ ಸರಿ ಮಾಡಬೇಕಾಗುತ್ತದೆ.

ಪಾದ ಮೆತ್ತಗಿದೆಯಾ ಅಂತ ನೋಡಲು ಕೋಲ್‌ಮನ್ ಬ್ಲಾಕ್ ಟೆಸ್ಟ್ ಅಂತ ಒಂದು ಸರಳ ಪರೀಕ್ಷೆ ಉಂಟು. ಮಗುವಿನ ಹಿಮ್ಮಡಿ ಮತ್ತು ಪಾದದ ಹೊರ ಅಂಚು ಒಂದು ಮರದ ತುಂಡಿನ ಮೇಲೆ ಇರುವಂತೆ, ಹೆಬ್ಬೆರಳ ಬುಡ ಕೆಳಗೆ ಇಳಿಯುವಂತೆ ನಿಲ್ಲಿಸುತ್ತಾರೆ. ಹಿಂದಿನಿಂದ ನೋಡಿದಾಗ ವಾಲಿದ್ದ ಹಿಮ್ಮಡಿ ನೇರ ಆದರೆ, ಅದು ಇನ್ನೂ ಬಿಗಿಯಾಗಿಲ್ಲ ಅಂತ ಅರ್ಥ. ನಿಮ್ಮ ಮಗನಿಗೆ ಇಬ್ಬರು ಡಾಕ್ಟರರಲ್ಲಿ ಯಾರಾದರೂ ಇದನ್ನು ಮಾಡಿದ್ದಾರಾ? ಮಾಡಿಲ್ಲವೆಂದರೆ ಮೊದಲು ಕೇಳಿ ಮಾಡಿಸಿಕೊಳ್ಳಿ. ನಮಗೆ ಆಪರೇಷನ್‌ಗೆ ಒಪ್ಪಲು ಧೈರ್ಯ ಬಂದದ್ದು ಇದರಿಂದಲೇ.

ಇನ್ನೊಂದು ಕಾರಣ ನನ್ನ ಗಂಡನ ಪಾದ. ಅವರ ಚಿಕ್ಕಂದಿನಲ್ಲಿ ಇದಕ್ಕೆ ಹೆಸರೇ ಗೊತ್ತಿರಲಿಲ್ಲ, "ವಕ್ರ ಕಾಲು" ಅಂತ ಬಿಟ್ಟುಬಿಟ್ಟರು. ಈಗ ಅವರ ಹಿಮ್ಮಡಿ ಯಾವ ಕಡೆಗೂ ಅಲ್ಲಾಡುವುದಿಲ್ಲ. ಅಂಥ ಪಾದಕ್ಕೆ ಬರೀ ಟೆಂಡನ್ ಬದಲಿಸಿದರೆ ಸಾಲದು, ಮೂಳೆ ಕತ್ತರಿಸುವುದು ಅಥವಾ ಕೀಲುಗಳನ್ನು ಬೆಸೆಯುವುದೇ ದಾರಿ. ಹಿಮ್ಮಡಿ ಸುತ್ತಲಿನ ಮೂರು ಕೀಲು ಬೆಸೆದರೆ ಅದರ ಹೊರೆ ವರ್ಷಗಟ್ಟಲೆ ಕಾಲಗಂಟಿನ ಮೇಲೆ ಬಿದ್ದು, ಅಲ್ಲಿ ಸವೆತ ಬರುತ್ತದೆ. ಆದ್ದರಿಂದಲೇ ಚಿಕ್ಕ ವಯಸ್ಸಿನವರಿಗೆ ಅದನ್ನು ಆದಷ್ಟು ತಪ್ಪಿಸುತ್ತಾರೆ. ಮೆತ್ತಗಿರುವ ಸಮಯವನ್ನು ಸುಮ್ನೆ ಕಳೆಯಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಹಾಗಂತ ಎರಡನೇ ಡಾಕ್ಟರು ಹೇಳಿದ್ದರಲ್ಲೂ ಅರ್ಥ ಉಂಟು. ಬೆಳೆಯುವ ಮಗುವಿನಲ್ಲಿ ಕಾಯಿಲೆಯೂ ಮುಂದುವರಿಯುತ್ತದೆ, ಸರಿಮಾಡಿದ ಪಾದ ಮತ್ತೆ ತಿರುಗಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು. ಮೂಳೆಯ ಕೆಲಸವಿದ್ದರೆ ಬೆಳೆಯುವ ತುದಿಗಳಿಗೆ ಪೆಟ್ಟಾಗದಂತೆ ನೋಡಬೇಕು. ನಿಮ್ಮ ಮಗ ಎಎಫ್‌ಓ ಸ್ಪ್ಲಿಂಟ್ (ಕಾಲಗಂಟು, ಪಾದ ಹಿಡಿದಿಡುವ ಆಸರೆ) ಹಾಕಿ ಆರಾಮವಾಗಿ ನಡೆಯುತ್ತಿದ್ದರೆ, ಬೀಳದಿದ್ದರೆ, ಪಾದದ ಹೊರ ಅಂಚಿನಲ್ಲಿ ಆಣಿ ಕಟ್ಟಿಲ್ಲದಿದ್ದರೆ ಕಾಯಬಹುದು. ಆದರೆ ಕಾಯುವುದು ಅಂದರೆ ಮನೆಯಲ್ಲಿ ಕೂರುವುದಲ್ಲ. ಆರು ತಿಂಗಳಿಗೊಮ್ಮೆ ಅದೇ ಡಾಕ್ಟರು, ಅದೇ ಫಿಸಿಯೋ ಸ್ನಾಯುಬಲ ಅಳೆದು ಬರೆದಿಡಬೇಕು. ಸ್ಪ್ಲಿಂಟಿನೊಳಗೇ ಪಾದ ವಾಲಿ ಚರ್ಮ ಉಜ್ಜಲು ಶುರುವಾದರೆ ಕಾಯುವ ಸಮಯ ಮುಗಿಯಿತು ಅಂತಲೇ ನಾನು ತಿಳಿಯುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ ಮಾಡಿ. ನಮಗೆ ಒಂದು ಕಡೆ "ಹಿಮ್ಮಡಿ ಮೇಲಿನ ನರ ಸ್ವಲ್ಪ ಉದ್ದ ಮಾಡಿದರೆ ಸಾಕು, ಸಣ್ಣ ಕೆಲಸ" ಅಂದಿದ್ದರು. ಅವರು ಹೇಳಿದ್ದು ನಿಜವಾಗಿ ನರ ಅಲ್ಲ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಟೆಂಡನ್ ಬಗ್ಗೆ. ಸಿಎಂಟಿಯಲ್ಲಿ ಎಷ್ಟೋ ಸಲ ಹಿಮ್ಮಡಿ ಒಳಗೆ ವಾಲಿದ್ದರೂ ಮೇಲಕ್ಕೆ ಎಳೆದುಕೊಂಡಿರುವುದಿಲ್ಲ, ಪಾದದ ಮುಂಭಾಗ ಮಾತ್ರ ಕೆಳಗೆ ಬಾಗಿರುತ್ತದೆ. ಆಗ ಅಕಿಲಿಸನ್ನು ಜಾಸ್ತಿ ಉದ್ದ ಮಾಡಿದರೆ ಮೀನಖಂಡದಲ್ಲಿ ಉಳಿದಿರುವ ಬಲವೂ ಹೋಗುತ್ತದೆ, ನೆಲವನ್ನು ತಳ್ಳಿ ಹೆಜ್ಜೆ ಇಡಲು ಆಗುವುದಿಲ್ಲ. ನಿಂತಾಗ ತೆಗೆದ, ಬದಿಯಿಂದ ಕಾಣುವ ಎಕ್ಸ್‌ರೇ ನೋಡದೆ ಇದಕ್ಕೆ ಒಪ್ಪಬೇಡಿ.

ಆಪರೇಷನ್ ಆದಮೇಲಿನ ತಿಂಗಳುಗಳ ಬಗ್ಗೆ ಯಾರೂ ಪೂರ್ತಿ ಹೇಳುವುದಿಲ್ಲ. ಸುಮಾರು 6 ವಾರ ಪ್ಲಾಸ್ಟರ್, ಆ ಕಾಲಿಗೆ ಭಾರ ಕೊಡುವ ಹಾಗಿಲ್ಲ. ಸಿಎಂಟಿ ಮಕ್ಕಳ ಕೈಬಲವೂ ಕಡಿಮೆ ಇರಬಹುದು, ಊರುಗೋಲು ಹಿಡಿಯಲು ಆಗದೇ ಹೋಗಬಹುದು. ಮೊದಲೇ ವಾಕರ್ ಅಭ್ಯಾಸ ಮಾಡಿಸಿ, ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದಾ ನೋಡಿ. ಒಂದು ಸಲಕ್ಕೆ ಒಂದೇ ಕಾಲು ಸಾಕು ಅಂತ ನಾವು ಹಟ ಮಾಡಿದ್ದೆವು, ನಿಲ್ಲಲು ಇನ್ನೊಂದು ಕಾಲು ಬೇಕಲ್ವಾ. ಸ್ಪರ್ಶ ಕಡಿಮೆ ಇರುವ ಕಾಲಿಗೆ ಪ್ಲಾಸ್ಟರ್ ಒಳಗೆ ಹುಣ್ಣಾದರೂ ಮಗುವಿಗೆ ಗೊತ್ತಾಗದೇ ಇರಬಹುದು. ವಾಸನೆ ಬಂದರೆ, ಎಲ್ಲಾದರೂ ಒದ್ದೆ ಕಂಡರೆ ಅದೇ ದಿನ ಹೋಗಿ. ಮತ್ತು ನಮ್ಮ ಊರಿನ ಮಳೆ! ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ಲಾಸ್ಟರ್ ಒಣಗಿಟ್ಟುಕೊಳ್ಳುವುದೇ ಕಷ್ಟ. ಪಾಚಿ ಕಟ್ಟಿದ ಅಂಗಳ, ಕೆಂಪುಕಲ್ಲಿನ ಮೆಟ್ಟಿಲು, ಎತ್ತರದ ಮೆಟ್ಟಿಲಿನ ಸರ್ವಿಸ್ ಬಸ್ಸು, ಎಲ್ಲವೂ ಅಪಾಯ. ಪರೀಕ್ಷೆ ಮುಗಿದ ಕೂಡಲೇ ಬೇಸಿಗೆ ರಜೆಯಲ್ಲಿ ಮಾಡಿಸಿದರೆ ಮಳೆ ಬರುವಾಗ ಪ್ಲಾಸ್ಟರ್ ಬಿಚ್ಚಿರುತ್ತದೆ. ಸೆಖೆಗೆ ಮಗು ಗೋಳಾಡುತ್ತದೆ ನಿಜ, ಆದರೂ ಅದೇ ವಾಸಿ.

ನಂತರದ ಫಿಸಿಯೋ ಬಿಡಲೇಬಾರದು. ಜಾಗ ಬದಲಿಸಿದ ಸ್ನಾಯುವಿಗೆ ಹೊಸ ಕೆಲಸ ಗೊತ್ತಿರುವುದಿಲ್ಲ. "ಪಾದ ಒಳಗೆ ಎಳಿ" ಅಂದರೆ ಮಗಳ ಪಾದ ಮೇಲೆ ಎದ್ದಿತು! ಆಮೇಲೆ ನಿಧಾನಕ್ಕೆ, ನಡೆಯುವಾಗ ಬೇಕಾದ ಕ್ಷಣಕ್ಕೆ ಎತ್ತಲು ಕಲಿತಳು. ಟ್ರಾನ್ಸ್‌ಫರ್ ಆದ ಸ್ನಾಯು ಸಾಮಾನ್ಯವಾಗಿ ಒಂದು ಗ್ರೇಡ್ ಬಲ ಕಳೆದುಕೊಳ್ಳುತ್ತದೆ (ಡಾಕ್ಟರು ಸ್ನಾಯುಬಲವನ್ನು ಸೊನ್ನೆಯಿಂದ 5ರ ತನಕ ಗ್ರೇಡಿನಲ್ಲಿ ಅಳೆಯುತ್ತಾರೆ). ಹಾಗಾಗಿ 5ರಲ್ಲಿ 4 ಅಥವಾ 5 ಬಲ ಇರುವಾಗಲೇ ಬದಲಿಸುವುದು ಒಳ್ಳೆಯದು. ಕಾಯುವ ಬಗ್ಗೆ ಯೋಚಿಸುವಾಗ ಇದೂ ಲೆಕ್ಕಕ್ಕೆ ಬರಬೇಕು.

ಆಪರೇಷನ್ ನರವನ್ನು ಗುಣಪಡಿಸುವುದಿಲ್ಲ. ಮಗಳು ದೂರ ನಡೆಯಲು ಈಗಲೂ ಹಗುರ ಸ್ಪ್ಲಿಂಟ್ ಹಾಕುತ್ತಾಳೆ. ಆದರೆ ಪಾದ ಪೂರ್ತಿ ನೆಲಕ್ಕೆ ತಾಗುತ್ತದೆ, ಉಳುಕುವುದು ನಿಂತಿದೆ, ಮಲ್ಪೆಯ ಮರಳಲ್ಲಿ ನನ್ನ ಕೈ ಹಿಡಿಯದೆ ನಡೆದಾಗ ನಾನು ಅತ್ತುಬಿಟ್ಟೆ. ಹಿರಿಯರು ನಾಗನ ಸೇವೆ ಮಾಡಿಸಿ ಅಂದರೆ ಮಾಡಿಸಿ, ಸ್ಪ್ಲಿಂಟ್ ಮಾತ್ರ ಬಿಡಿಸಬೇಡಿ. ಯಾರ ಕಡೆಯಿಂದ ಬಂತು ಅಂತ ಜಗಳವೂ ಬೇಡ. ನಮ್ಮ ವಿಧದಲ್ಲಿ 17ನೇ ಕ್ರೋಮೋಸೋಮಿನ ಒಂದು ತುಂಡು ಎರಡು ಸಲ ಬಂದಿರುತ್ತದೆ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಅದರಲ್ಲಿ ಯಾರ ತಪ್ಪೂ ಇಲ್ಲ.

ಮಗನನ್ನೂ ಮಾತಿನಲ್ಲಿ ಸೇರಿಸಿಕೊಳ್ಳಿ. 11 ವರ್ಷದವನಿಗೆ ಎಲ್ಲ ಅರ್ಥವಾಗುತ್ತದೆ, ಫಿಸಿಯೋ ಮಾಡಬೇಕಾದವನೂ ಅವನೇ. ಅನಸ್ತೇಶಿಯಾ ಡಾಕ್ಟರಿಗೆ ಸಿಎಂಟಿ ಇದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಸೊಂಟದ ಎಕ್ಸ್‌ರೇ ಒಮ್ಮೆ ತೆಗೆಸಿ, ಬೆನ್ನು ವಾಲಿದೆಯಾ ನೋಡಿಸಿ, ಈ ಮಕ್ಕಳಲ್ಲಿ ಅಲ್ಲೂ ತೊಂದರೆ ಇರಬಹುದು.

ಮೂರನೇ ಅಭಿಪ್ರಾಯಕ್ಕೆ ಹೋಗುವುದಾದರೆ ಮಕ್ಕಳ ಪಾದದಲ್ಲಿ ಇದೇ ಆಪರೇಷನ್ ಮಾಡಿ ಅನುಭವ ಇರುವವರನ್ನೇ ಹುಡುಕಿ, ಸಿಎಂಟಿ ಮಕ್ಕಳಿಗೆ ಮಾಡಿದ್ದೀರಾ ಅಂತ ನೇರ ಕೇಳಿ. ಹೋಗುವಾಗ ಮಗ ಹಾಕಿ ಹಾಕಿ ಸವೆದ ಹಳೆ ಶೂ ತೆಗೆದುಕೊಂಡು ಹೋಗಿ, ಎಲ್ಲಿ ಭಾರ ಬೀಳುತ್ತಿದೆ ಅಂತ ಅದರ ಅಡಿ ನೋಡಿದರೇ ಅವರಿಗೆ ತಿಳಿಯುತ್ತದೆ. ಕಳೆದ ವರ್ಷ ಅವನು ಬರಿಗಾಲಲ್ಲಿ ನಡೆದ ಯಾವುದಾದರೂ ವಿಡಿಯೋ ಫೋನಿನಲ್ಲಿದ್ದರೆ ಅದನ್ನೂ ತೋರಿಸಿ.