ಅಮೆರಿಕದ ಗೆಳತಿಯ ಮದುವೆಯಲ್ಲಿ ಮೇಡ್ ಆಫ್ ಆನರ್ ಭಾಷಣ ಹೇಗೆ ಶುರು ಮಾಡಲಿ? ಜೋಕ್ ಹೇಳಲಾ, ಕೋಟ್ ಹೇಳಲಾ?

ಎರಡೂ ಬೇಡ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಮತ್ತೆ ಹೊಟ್ಟೆ ತೊಳಸಿದ ಹಾಗಾಯಿತು, ಯಾಕೆಂದರೆ ನಾನೂ ಮೇಡ್ ಆಫ್ ಆನರ್ ಆಗಿ, ಅಂದರೆ ಮದುಮಗಳ ಪಕ್ಕ ನಿಲ್ಲುವ ಆಪ್ತ ಗೆಳತಿಯಾಗಿ, ಆ ಮೈಕ್ ಹಿಡಿದು ನಿಂತವಳು.

ನನ್ನ ಗೆಳತಿ ವಿಸ್ಕಾನ್ಸಿನ್ ರಾಜ್ಯದ ಹಸು ಸಾಕುವವರ ಮನೆಯ ಹುಡುಗಿ. ಮ್ಯಾಡಿಸನ್‌ನಲ್ಲಿ ಓದುವಾಗ ನನ್ನ ರೂಮ್‌ಮೇಟ್. ಹಾಸನದಿಂದ ಹೋದ ನನಗೆ ಹೆಪ್ಪುಗಟ್ಟಿದ ಮೆಂಡೋಟಾ ಕೆರೆಯ ಮೇಲೆ ಧೈರ್ಯವಾಗಿ ನಡೆಯುವುದು ಕಲಿಸಿದವಳು ಅವಳೇ. ಮದುವೆ ಆಗಿದ್ದು ಅವಳ ಊರಿನ ಹತ್ತಿರ, ಒಂದು ಹಳೇ ಕೊಟ್ಟಿಗೆಯಲ್ಲಿ. ನಗಬೇಡಿ. ಅಲ್ಲಿ ಮರದ ದೊಡ್ಡ ಕೊಟ್ಟಿಗೆಗಳಿಗೆ ದೀಪದ ಸರ ಕಟ್ಟಿ ಛತ್ರ ಮಾಡಿದ್ದಾರೆ. ಬಾಡಿಗೆ ಕೇಳಿದರೆ ಬೆಂಗಳೂರಿನ ಛತ್ರದವರೇ ಬೆಚ್ಚಿಬೀಳಬೇಕು.

ಉಳಿದ ಕೆಲಸವೆಲ್ಲ ಸರಿಯಾಗೇ ಮಾಡಿದೆ. ಪ್ರಮಾಣ ಹೇಳುವಾಗ ಅವಳ ಹೂಗುಚ್ಛ ಹಿಡಿದುಕೊಂಡೆ. ಗೌನಿನ ಹಿಂದೆ ನೆಲದ ಮೇಲೆ ಎಳೆದಾಡುವ ಬಟ್ಟೆಯನ್ನು ಡ್ಯಾನ್ಸ್‌ಗೆ ಮೊದಲು ಎತ್ತಿ ಪುಟ್ಟ ಗುಂಡಿಗಳಿಗೆ ಸಿಕ್ಕಿಸಬೇಕು, ಅದನ್ನು ಅವಳ ಅಮ್ಮನಿಂದ ಕಲಿತಿದ್ದೆ. ವಿಸ್ಕಾನ್ಸಿನ್‌ನಲ್ಲಿ ಮದುವೆ ಕಾಗದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಒಂದು ಸಹಿ ನನ್ನದು. ಹಿಂದಿನ ರಾತ್ರಿಯ ರಿಹರ್ಸಲ್ ಡಿನ್ನರ್ ಶುಕ್ರವಾರ ಬಿದ್ದಿತ್ತು. ಆ ಕಡೆ ಶುಕ್ರವಾರ ಅಂದರೆ ಕರಿದ ಮೀನಿನ ಊಟ. ನಾನು ಬರೀ ಕೋಲ್‌ಸ್ಲಾ ಅನ್ನುವ ಎಲೆಕೋಸಿನ ಸಲಾಡ್ ತಿನ್ನುತ್ತಾ ಭಾಷಣ ತಿದ್ದುತ್ತಾ ಕೂತಿದ್ದೆ.

ಎಡವಿದ್ದು ಶುರುವಿನಲ್ಲೇ. ಶಾಲೆಯಲ್ಲಿ ನಾನು ಭಾಷಣ ಸ್ಪರ್ಧೆಯ ಹುಡುಗಿ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಗುರುವೃಂದದವರೇ" ಅನ್ನದೆ ನನಗೆ ಬಾಯೇ ಬಿಡುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಮಾಡಿದೆ. ಮದುಮಗಳ ಅಪ್ಪ ಅಮ್ಮನಿಗೆ ಥ್ಯಾಂಕ್ಸ್. ಮದುಮಗನ ಅಪ್ಪ ಅಮ್ಮನಿಗೆ ಥ್ಯಾಂಕ್ಸ್. ಅಜ್ಜಿಯರಿಗೆ, ಪಾದ್ರಿಗೆ, ದೂರದಿಂದ ಬಂದವರಿಗೆ. ಆಮೇಲೆ ನಾನು ಯಾರು, ಎಲ್ಲಿಯವಳು, ಏನು ಓದಿದೆ. ಡಿಜೆ ಆಗಷ್ಟೇ ನನ್ನ ಹೆಸರು ಕೂಗಿ ಕರೆದಿದ್ದ! ಅದು ಮುಗಿದ ಮೇಲೆ ಇಂಟರ್ನೆಟ್‌ನಿಂದ ಎತ್ತಿದ ಒಂದು ಜೋಕ್. ಅದು ಮದುಮಗನ ಪಕ್ಕ ನಿಲ್ಲುವ ಆಪ್ತ ಗೆಳೆಯ ಬೆಸ್ಟ್ ಮ್ಯಾನ್‌ಗೂ ಸಿಕ್ಕಿತ್ತು ಅಂತ ಅವನ ಮುಖ ನೋಡಿದಾಗಲೇ ಗೊತ್ತಾಯಿತು.

ಇದರಲ್ಲಿ ತಪ್ಪೇನು ಅನ್ನಬಹುದು. ನಮ್ಮ ಸಭೆಗಳಲ್ಲಿ ಸ್ವಾಗತ, ವಂದನಾರ್ಪಣೆ ನಡೆಯುವಾಗ ಜನ ಪಕ್ಕದವರ ಜೊತೆ ಮಾತಾಡಿಕೊಂಡು ಇರುತ್ತಾರೆ, ಯಾರಿಗೂ ತೊಂದರೆಯಿಲ್ಲ. ನಮ್ಮ ಮದುವೆಯಲ್ಲಂತೂ ಕಳಸಗಿತ್ತಿಗೆ ಯಾರೂ ಮೈಕ್ ಕೊಡುವುದಿಲ್ಲ, ವಾಲಗದ ಸದ್ದಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಅಲ್ಲಿ ಹಾಗಲ್ಲ. ಎಲ್ಲರೂ ಬಾಯಿ ಮುಚ್ಚಿ ನಿಮ್ಮನ್ನೇ ನೋಡುತ್ತಾರೆ. ಮಧ್ಯಾಹ್ನದಿಂದ ಹಸಿದಿದ್ದಾರೆ. ಮುಂದೆ ಶಾಂಪೇನ್ ಇದೆ, ನೀವು ಹೇಳುವ ತನಕ ಕುಡಿಯುವ ಹಾಗಿಲ್ಲ. ಮೊದಲ ಅರ್ಧ ನಿಮಿಷ ಅವರು ಪೂರ್ತಿ ನಿಮ್ಮವರು. ಆ ಅರ್ಧ ನಿಮಿಷವನ್ನು ನಾನು ಹೆಸರು ಓದುವುದಕ್ಕೆ ಖರ್ಚು ಮಾಡಿದೆ. ಹಾಜರಿ ಕರೆದ ಹಾಗೆ!

ಹೆಸರು ಓದುವುದರಲ್ಲಿ ಇನ್ನೊಂದು ಗುಂಡಿ ಇದೆ. ಒಬ್ಬರನ್ನು ಹೇಳಿದರೆ ಎಲ್ಲರನ್ನೂ ಹೇಳಬೇಕು. ಮದುಮಗನ ಅಪ್ಪ ಎರಡನೇ ಮದುವೆ ಆಗಿದ್ದರು. ಆ ಹೆಂಡತಿ ಇವನನ್ನು ಹತ್ತನೇ ವಯಸ್ಸಿನಿಂದ ಸಾಕಿದ್ದರು. ಅವರ ಹೆಸರು ನನ್ನ ಕಾಗದದಲ್ಲಿ ಇರಲಿಲ್ಲ. ಮುಂದಿನ ಟೇಬಲ್‌ನಲ್ಲೇ ಕೂತಿದ್ದರು. ತಲೆ ತಗ್ಗಿಸಿ ನ್ಯಾಪ್ಕಿನ್ ಮಡಚತೊಡಗಿದರು. ನನಗೆ ಆಗ ಹೊಳೆಯಿತು. ಕೈ ನಡುಗಿತು, ಸಾಲು ತಪ್ಪಿತು. ಅಡುಗೆಯವರು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಧ್ಯದ ಎರಡು ಹಾಳೆ ಹಾರಿಸಿ "ಗ್ಲಾಸ್ ಎತ್ತಿ" ಅಂದುಬಿಟ್ಟೆ.

ಆ ಎರಡು ಹಾಳೆಯಲ್ಲೇ ಇದ್ದದ್ದು ಅಸಲು ಕತೆ. ಒಂದು ಫೆಬ್ರವರಿ ರಾತ್ರಿ, ನನ್ನ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಅಂತ ಊರಿನಿಂದ ಫೋನ್ ಬಂತು. ಬೆಳಗಿನ ವಿಮಾನ ಶಿಕಾಗೋದ ಓಹೇರ್‌ನಿಂದ. ಮ್ಯಾಡಿಸನ್‌ನಿಂದ ಸುಮಾರು 200 ಕಿಲೋಮೀಟರ್, ಹೊರಗೆ ಹಿಮ ಸುರಿಯುತ್ತಿದೆ. ಆ ವಾರ ಗೆಳತಿಯ ಅಪ್ಪನ ಹಳೇ ಪಿಕಪ್ ಟ್ರಕ್ ಅವಳ ಹತ್ತಿರ ಇತ್ತು. ಊರು ಬಿಟ್ಟು ಆಚೆ ಓಡಿಸಬೇಡ ಅಂತ ಅಪ್ಪನ ಕಟ್ಟಪ್ಪಣೆ. ಅವಳು ಕೀ ತಗೊಂಡು ಹೊರಟೇಬಿಟ್ಟಳು. ಹೀಟರ್ ಅರ್ಧ ಕೆಟ್ಟಿತ್ತು. ವೈಪರ್‌ಗೆ ಮಂಜುಗಡ್ಡೆ ಕಟ್ಟಿದಾಗಲೆಲ್ಲ ಗಾಡಿ ಪಕ್ಕಕ್ಕೆ ಹಾಕಿ ಇಳಿದು ಕುಟ್ಟುತ್ತಿದ್ದಳು. ಇಲಿನಾಯ್ ಗಡಿ ದಾಟಿದರೆ ಟೋಲ್, ಆಗಿನ್ನೂ ಚಿಲ್ಲರೆ ತಗೊಳ್ಳುತ್ತಿದ್ದರು. ಅವಳ ಹತ್ತಿರ ಇದ್ದದ್ದು ಬಟ್ಟೆ ಒಗೆಯುವ ಮಷಿನ್ನಿಗೆ ಅಂತ ಕೂಡಿಟ್ಟ ಕ್ವಾರ್ಟರ್‌ಗಳ, ಅಂದರೆ ಕಾಲು ಡಾಲರ್ ನಾಣ್ಯಗಳ ಡಬ್ಬಿ. ಅದನ್ನು ನನ್ನ ತೊಡೆ ಮೇಲಿಟ್ಟು "ನೀನು ಎಣಿಸು, ಅಳಬೇಡ" ಅಂದಳು. ಅಪ್ಪ ಬದುಕಿದರು. ಟ್ರಕ್ ವಿಷಯ ಅವಳಪ್ಪನಿಗೆ ಗೊತ್ತೇ ಆಗಲಿಲ್ಲ. ಮದುವೆ ದಿನ ಎಲ್ಲರೆದುರು ಬಯಲು ಮಾಡೋಣ ಅಂತ ನಾವಿಬ್ಬರೇ ಮಾತಾಡಿಕೊಂಡಿದ್ದೆವು. ಭಾಷಣ ಮುಗಿದ ಮೇಲೆ ಗೌನಿನ ಗುಂಡಿ ಸಿಕ್ಕಿಸುವಾಗ ಅವಳು ತಿರುಗಿ ಕೇಳಿದ್ದು ಒಂದೇ ಮಾತು, "ಟ್ರಕ್ ಎಲ್ಲಿ ಹೋಯ್ತು?"

ಹಾಗಾಗಿ ಮೊದಲ ಸಾಲು ಯಾವುದು ಅಂತ ಹುಡುಕುವುದನ್ನು ಬಿಡಿ. ಮೊದಲು ನಿಮ್ಮ ಟ್ರಕ್ ಯಾವುದು ಅಂತ ನೋಡಿಕೊಳ್ಳಿ. ಅದು ಸಿಕ್ಕರೆ ಸಾಲು ತಾನಾಗೇ ಬರುತ್ತದೆ. ನಾನು ಹೀಗೆ ಶುರು ಮಾಡಬೇಕಿತ್ತು: "ಒಂದು ಫೆಬ್ರವರಿ ರಾತ್ರಿ ಈ ಮದುಮಗಳು ನನಗೋಸ್ಕರ ಅವಳಪ್ಪನ ಟ್ರಕ್ ಕದ್ದಳು." ನೀವು ಯಾರು ಅನ್ನುವುದು ಎರಡನೇ ಸಾಲಿನಲ್ಲಿ ಬಂದರೆ ಸಾಕು. ಥ್ಯಾಂಕ್ಸ್ ಹೇಳುವುದು ಮನೆಯವರ ಕೆಲಸ, ನಿಮ್ಮದಲ್ಲ. ಕನ್ನಡದಲ್ಲಿ ಒಂದು ಸಾಲು ಹೇಳಿ ಶುರು ಮಾಡೋಣ ಅನ್ನಿಸುತ್ತಿದ್ದರೆ, ಅವಳು ಆ ಮಾತನ್ನು ನಿಮ್ಮ ಜೊತೆ ನಿಜವಾಗಿ ಆಡುತ್ತಿದ್ದರೆ ಮಾತ್ರ. ಸುಮ್ನೆ ಚಂದಕ್ಕೆ ಬೇಡ. ಹಳೇ ಬಾಯ್‌ಫ್ರೆಂಡ್ ಸುದ್ದಿ ಬೇಡವೇ ಬೇಡ, ಎಷ್ಟೇ ತಮಾಷೆಯಾಗಿರಲಿ. ಮದುಮಗ ಮಾತ್ರ ಕತೆಯೊಳಗೆ ಎಲ್ಲಾದರೂ ಬರಲೇಬೇಕು, ಇಲ್ಲದಿದ್ದರೆ ಅರ್ಧ ಸಭೆಗೆ ಅದು ಬೇರೆಯವರ ಮದುವೆ.

ಮೂರು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಡ. ಫೋನ್ ನೋಡಿ ಓದಬೇಡಿ, ಸ್ಕ್ರೀನ್ ಆರಿಹೋಗುತ್ತದೆ. ದಪ್ಪ ಅಕ್ಷರದಲ್ಲಿ ಕಾರ್ಡ್ ಮೇಲೆ ಬರೆದುಕೊಳ್ಳಿ, ದೀಪದ ಸರದ ಬೆಳಕು ಓದುವುದಕ್ಕೆ ಸಾಲದು. ಊಟಕ್ಕೆ ಮೊದಲಾ ಆಮೇಲಾ, ಬೆಸ್ಟ್ ಮ್ಯಾನ್ ಮುಂದಾ ಹಿಂದಾ ಅಂತ ಈಗಲೇ ಕೇಳಿ. ಕೊನೆಗೆ ಗ್ಲಾಸ್ ಎತ್ತಿ ಅಂತ ಬಾಯಿ ಬಿಟ್ಟು ಹೇಳಿ, ಇಲ್ಲದಿದ್ದರೆ ಜನ ಹಾಗೇ ಹಿಡಿದು ಕೂತಿರುತ್ತಾರೆ. ನೀವು ಕುಡಿಯುವುದಿಲ್ಲ ಅಂದರೆ ಸೇಬಿನ ರಸ ಹಾಕಿಸಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ.