ಹಾಸನದ ಟೀಮ್‌ನವರಿಗೆ: ಗ್ರಿಪ್ಪರ್ ಆಮೇಲೆ, ಮೊದಲು ಹಲಗೆ ಮೇಲೆ ವೈರಿಂಗ್

ಕಾಲೇಜು ಟೀಮ್‌ಗಳ ರೋಬೋಟ್ ಸ್ಪರ್ಧೆ ರೋಬೋಕಾನ್‌ಗೆ ಮಾಡುತ್ತಿರುವ ರೋಬೋಟ್ ಬಗ್ಗೆ ನೀವು ಇಲ್ಲಿ ಹಾಕಿದ ಪೋಸ್ಟ್, ಫೋಟೋ ನೋಡಿದೆ. ಫ್ರೇಮ್ ನೀಟಾಗಿದೆ, ಗ್ರಿಪ್ಪರ್, ಅಂದರೆ ವಸ್ತು ಹಿಡಿಯುವ ಕೈ, ಅಂತೂ ಇಷ್ಟು ಬೇಗ ಇಷ್ಟು ಚೆನ್ನಾಗಿ ಬಂದಿದ್ದು ಜಾಸ್ತಿಯೇ. ಆದರೆ ಕೆಳಗೆ ಬರೆದಿದ್ದೀರಲ್ಲ, "ವೈರಿಂಗ್ ಕೊನೆಗೆ, ಒಂದು ರಾತ್ರಿ ಕೂತರೆ ಮುಗಿಯುತ್ತದೆ" ಅಂತ, ಅದನ್ನು ಓದಿ ಸುಮ್ನೆ ಇರೋಕೆ ಆಗಲಿಲ್ಲ. ಮೂರನೇ ಫೋಟೋದಲ್ಲಿ ಬ್ರೆಡ್‌ಬೋರ್ಡ್ (ಸಾಲ್ಡರ್ ಇಲ್ಲದೆ ವೈರ್ ಚುಚ್ಚುವ ಬೋರ್ಡ್), ಅದಕ್ಕೆ ಚುಚ್ಚುವ ತೆಳು ಜಂಪರ್ ವೈರ್, ಟೇಪ್ ಸುತ್ತಿದ ಜಾಯಿಂಟ್, ಗೋಡೆಗೆ ಸಿಕ್ಕಿಸಿದ 12 ವೋಲ್ಟ್ ಅಡಾಪ್ಟರ್. ಬ್ಯಾಟರಿಗೆ ಫ್ರೇಮ್‌ನಲ್ಲಿ ಜಾಗವೇ ಇಲ್ಲ. ಚಿಕ್ಕಮಗಳೂರಲ್ಲಿ ನಾವು ಮೊದಲ ವರ್ಷ ಮಾಡಿದ್ದು ಥೇಟ್ ಇದೇ ಕಣ್ರಪ್ಪಾ.

ನಮ್ಮ ರೋಬೋಟ್ ಟೇಬಲ್ ಮೇಲೆ ಚಕ್ರ ಎತ್ತಿಟ್ಟಾಗ ಸೂಪರ್ ಆಗಿ ತಿರುಗುತ್ತಿತ್ತು. ನೆಲಕ್ಕಿಟ್ಟು ಮುಂದೆ ಓಡಿಸಿದರೂ ಸರಿ. ಓಡುವಾಗ ಸಡನ್ನಾಗಿ ರಿವರ್ಸ್ ಕೊಟ್ಟರೆ ಮಾತ್ರ ಒಂದು ಕ್ಷಣ ಸತ್ತು, ಜಾಯ್‌ಸ್ಟಿಕ್ ಕನೆಕ್ಷನ್ ಬಿಟ್ಟು, ಮತ್ತೆ ಜೀವ ಬರುತ್ತಿತ್ತು. ನಾವು ಬೈದಿದ್ದು ಕೋಡ್ ಬರೆದವನಿಗೆ. ಅವನು ಕೋಡ್ ಪೂರ್ತಿ ಬದಲಾಯಿಸಿದ. ಆಮೇಲೆ ಜಾಯ್‌ಸ್ಟಿಕ್ ಬದಲಾಯಿಸಿದೆವು, ಆಮೇಲೆ ಬೋರ್ಡ್. ಅಷ್ಟೂ ಹೊತ್ತು ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡ್ ಕಳಿಸುವ ಸಂದೇಶ ಕಂಪ್ಯೂಟರಲ್ಲಿ ಕಾಣುವ ಕಿಟಕಿ) "ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್" ಅಂತ, ಅಂದರೆ ವೋಲ್ಟೇಜ್ ಸಾಲದೆ ಬೋರ್ಡ್ ರೀಸೆಟ್ ಆಯಿತು ಅಂತ, ಸಾಲು ಬಂದು ಹೋಗುತ್ತಿತ್ತು. ಯಾರೂ ಓದಲಿಲ್ಲ. ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಬ್ಯಾಟರಿಯಿಂದ ಡ್ರೈವರ್‌ಗೆ (ಮೋಟರ್‌ಗಳಿಗೆ ಕರೆಂಟ್ ಹರಿಸುವ ಬೋರ್ಡ್) ಹೋಗುವ ಕಡೆ ಒಂದು ಸ್ಕ್ರೂ ಟರ್ಮಿನಲ್ ಸಡಿಲ. ವೈರ್ ತುದಿಗೆ ಸಾಲ್ಡರ್ ಹಾಕಿ ಗಟ್ಟಿ ಮಾಡಿ, ಅದನ್ನು ಸ್ಕ್ರೂ ಕೆಳಗೆ ಬಿಗಿದಿದ್ದೆವು. ನೋಡೋಕೆ ಅಚ್ಚುಕಟ್ಟು. ಆದರೆ ಸಾಲ್ಡರ್ ಮೆತ್ತಗಿನ ಲೋಹ, ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ. ಇವತ್ತು ಬಿಗಿದ ಸ್ಕ್ರೂ ಸ್ವಲ್ಪ ದಿನದಲ್ಲಿ ತಾನಾಗಿ ಸಡಿಲ. ಸ್ಕ್ರೂ ಟರ್ಮಿನಲ್‌ಗೆ ಹೋಗುವ ತುದಿಗೆ ಸಾಲ್ಡರ್ ಹಾಕಲೇಬೇಡಿ. ಫೆರೂಲ್ (ವೈರ್ ತುದಿಗೆ ಹಾಕುವ ಪುಟ್ಟ ಲೋಹದ ಕೊಳವೆ) ಒತ್ತಿ ಕ್ರಿಂಪ್ ಮಾಡಿ, ಇಲ್ಲವಾದರೆ ಬರೀ ಎಳೆಗಳನ್ನು ಹೊಸೆದು ಬಿಗಿಯಿರಿ.

ಲೆಕ್ಕ ನೀವೇ ಹಾಕಿ ನೋಡಿ. ಪೂರ್ತಿ ಸ್ಪೀಡಲ್ಲಿ ಓಡುವ ಮೋಟರ್‌ಗೆ ಉಲ್ಟಾ ವೋಲ್ಟೇಜ್ ಕೊಟ್ಟರೆ ಅದರದೇ ಬ್ಯಾಕ್ ಇಎಂಎಫ್ (ತಿರುಗುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜ್) ಕೂಡ ಸೇರಿಕೊಂಡು, ಒಂದು ಕ್ಷಣ ಸ್ಟಾಲ್ ಕರೆಂಟ್‌ನ (ಮೋಟರ್ ತಿರುಗದೆ ಸಿಕ್ಕಿಕೊಂಡಾಗ ಎಳೆಯುವ ಕರೆಂಟ್) ಎರಡು ಪಟ್ಟಿನ ಹತ್ತಿರ ಎಳೆಯುತ್ತದೆ. ನಾಲ್ಕು ಮೋಟರ್ ಒಟ್ಟಿಗೆ. 0.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಮೀಟರಿಗೆ ಸುಮಾರು 0.035 ಓಮ್. ಹೋಗಿ ಬರುವ ದಾರಿ ಸೇರಿ ಒಂದು ಮೀಟರ್ ಇದ್ದು 20 ಆಂಪ್ ಹರಿದರೆ 0.7 ವೋಲ್ಟ್ ಅಲ್ಲೇ ಹೋಯಿತು. 2.5 ಸ್ಕ್ವೇರ್ ಹಾಕಿದ್ದರೆ ಅದು ಬರೀ 0.14. ವೈರ್ ಬಿಡಿ, ಸಡಿಲ ಜಾಯಿಂಟ್ 0.2 ಓಮ್ ಇದ್ದರೆ 25 ಆಂಪ್‌ಗೆ 5 ವೋಲ್ಟ್ ಮಾಯ. 12 ಇದ್ದದ್ದು 7. ಎಲ್‌ಎಂ2596 ಬಕ್ (ವೋಲ್ಟೇಜ್ ಇಳಿಸುವ ಬೋರ್ಡ್) 5 ವೋಲ್ಟ್ ಸರಿಯಾಗಿ ಕೊಡಬೇಕಾದರೆ ಒಳಗೆ ಆರೂವರೆ ಏಳಾದರೂ ಬೇಕು. ರೋಬೋಟ್‌ನ ಕಂಟ್ರೋಲರ್ ಆದ ಇಎಸ್‌ಪಿ32 ಬೋರ್ಡ್ ಮೇಲಿನ ರೆಗ್ಯುಲೇಟರ್‌ಗೂ 3.3 ಕೊಡೋಕೆ ಒಂದು ವೋಲ್ಟ್ ಮೇಲೆ ಬೇಕು. ಇನ್ನು ಸ್ವಲ್ಪ ಇಳಿದರೆ ರೀಸೆಟ್. ಇದರಲ್ಲಿ ಕೋಡ್‌ನ ತಪ್ಪು ಎಲ್ಲಿದೆ?

ಇನ್ನೊಂದು ಮಾತು. ನೆಟ್‌ನಲ್ಲಿ ಹುಡುಕಿದರೆ ಬ್ರೌನ್‌ಔಟ್ ಡಿಟೆಕ್ಟರ್ ಅನ್ನೇ ಆಫ್ ಮಾಡುವ ಒಂದು ಸಾಲಿನ ಕೋಡ್ ಸಿಗುತ್ತದೆ. ದಯವಿಟ್ಟು ಹಾಕಬೇಡಿ. ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ. ಅದರ ಬದಲು ಬೂಟ್ ಆದಾಗಲೆಲ್ಲ ರೀಸೆಟ್ ಕಾರಣ ಪ್ರಿಂಟ್ ಮಾಡಿಸಿ, ಇಎಸ್‌ಪಿಯಲ್ಲಿ ಅದಕ್ಕೆ ಫಂಕ್ಷನ್ ಇದೆ. ನಿಮ್ಮ ಪೋಸ್ಟ್‌ಗೆ ಉತ್ತರ ಕೊಟ್ಟ ಒಬ್ಬರು ಕೆಪಾಸಿಟರ್ ಹಾಕಿದರೆ ಸರಿಹೋಗುತ್ತದೆ ಅಂದಿದ್ದಾರೆ. ಡ್ರೈವರ್ ಹತ್ತಿರ 1000 ಮೈಕ್ರೋಫ್ಯಾರಡ್, 35 ವೋಲ್ಟ್‌ನದು ಒಂದು ಹಾಕಿ, ಒಳ್ಳೆಯದೇ. ಆದರೆ ಸಡಿಲ ಜಾಯಿಂಟ್‌ಗೆ ಅದು ಔಷಧಿ ಅಲ್ಲ.

ಈಗ ನನ್ನ ವಿಧಾನ. ಈಗ ನಾನು ಜೊತೆಗಿರುವ ಯಾವ ಟೀಮ್‌ಗೂ ಇದು ಬಿಟ್ಟು ಬೇರೆ ಮಾಡೋಕೆ ಬಿಡಲ್ಲ, ಬೈದುಕೊಳ್ಳುತ್ತಾರೆ, ಬೈಯಲಿ. ಬಡಗಿ ಹತ್ತಿರ 8 ಎಂಎಂ ಪ್ಲೈವುಡ್ ತುಂಡು ತನ್ನಿ. ರೋಬೋಟ್‌ನ ಕೆಳಗಿನ ಪ್ಲೇಟ್ ಎಷ್ಟಿದೆಯೋ ಅಷ್ಟೇ ಅಳತೆಗೆ ಕತ್ತರಿಸಿ. ಬ್ಯಾಟರಿ, ಮೇನ್ ಸ್ವಿಚ್, ಫ್ಯೂಸ್, ಎಮರ್ಜೆನ್ಸಿ ಸ್ವಿಚ್, ಡ್ರೈವರ್, ಬಕ್, ಕಂಟ್ರೋಲರ್ ಎಲ್ಲ ಅದರ ಮೇಲೆ ಸ್ಕ್ರೂ ಹಾಕಿ ಕೂರಿಸಿ, ರೋಬೋಟ್‌ನಲ್ಲಿ ಎಲ್ಲಿ ಬರುತ್ತವೋ ಅಲ್ಲೇ. ವೈರ್ ಕೂಡ ಅದೇ ಉದ್ದ, ಅದೇ ದಪ್ಪ, ಅದೇ ಕನೆಕ್ಟರ್. "ಈಗ ಜಂಪರ್ ಸಾಕು, ಆಮೇಲೆ ಬದಲಾಯಿಸೋಣ" ಅನ್ನೋ ಹಾಗಿಲ್ಲ. ಎಲ್ಲ ಕೂರಿಸಿದ ಮೇಲೆ ಗೊತ್ತಾಗುತ್ತದೆ ಜಾಗ ಸಾಲಲ್ಲ ಅಂತ. ಅದು ಈಗ ಗೊತ್ತಾದರೆ ಫ್ರೇಮ್‌ನಲ್ಲಿ ಒಂದು ಪೈಪ್ ಜರುಗಿಸಿದರೆ ಮುಗಿಯಿತು. ಕೊನೆಯ ವಾರ ಗೊತ್ತಾದರೆ ಬ್ಯಾಟರಿಯನ್ನು ಕೇಬಲ್ ಟೈ ಹಾಕಿ ಹೊರಗೆ ನೇತುಹಾಕುತ್ತೀರಿ.

ಹಲಗೆ ರೆಡಿ ಆದ ಮೇಲೆ ಮೋಟರ್ ಜೋಡಿಸಿ ಅರ್ಧ ಗಂಟೆ ಮುಂದೆ ಹಿಂದೆ, ಮುಂದೆ ಹಿಂದೆ ಓಡಿಸಿ. ಡ್ರೈವರ್ ಎಷ್ಟು ಬಿಸಿ ಆಗಿದೆ ನೋಡಿ, ಬೆರಳು ಇಡೋಕೆ ಆಗದಿದ್ದರೆ ಅದು ಸಾಲಲ್ಲ. ಆಮೇಲೆ ಪವರ್ ತೆಗೆದು, ಪ್ರತಿ ವೈರನ್ನೂ ಹಿಡಿದು ಎಳೆಯಿರಿ. ಮೆಲ್ಲಗೆ ಅಲ್ಲ, ಜೋರಾಗಿ. ಕಿತ್ತು ಬಂದರೆ ಖುಷಿಪಡಿ, ಮ್ಯಾಚ್‌ನಲ್ಲಿ ಬರುವ ಬದಲು ಇಲ್ಲೇ ಬಂತು.

ಗಾಳಿಯಲ್ಲಿ ತಿರುಗುವ ಮೋಟರ್ ಕಡಿಮೆ ಕರೆಂಟ್ ಎಳೆಯುತ್ತದೆ, ಅದನ್ನು ನಂಬಿ ಪಾಸ್ ಅನ್ನಬೇಡಿ. ಹಲಗೆಯನ್ನು ಫ್ರೇಮ್ ಮೇಲಿಟ್ಟು, ಗ್ರಿಪ್ಪರ್ ತೂಕಕ್ಕೆ ನಾಲ್ಕು ಇಟ್ಟಿಗೆ ಹೇರಿ, ನೆಲದ ಮೇಲೆ ಓಡಿಸಿ. ಮಲ್ಟಿಮೀಟರ್ ನಿಧಾನ, ಕ್ಷಣಮಾತ್ರ ಇಳಿಯುವ ವೋಲ್ಟೇಜ್ ಅದಕ್ಕೆ ಕಾಣದೇ ಹೋಗಬಹುದು. ಮಿನ್-ಮ್ಯಾಕ್ಸ್ ಇರುವ ಮೀಟರ್ ಆದರೂ ಪೂರ್ತಿ ನಂಬೋಕೆ ಆಗಲ್ಲ. ಕಾಲೇಜಿನಲ್ಲಿ ಸ್ಕೋಪ್ (ವೋಲ್ಟೇಜ್ ಏರಿಳಿತ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಇದ್ದೇ ಇರುತ್ತದೆ, ಲ್ಯಾಬ್ ಅಸಿಸ್ಟೆಂಟ್ ಹತ್ತಿರ ಚೆನ್ನಾಗಿ ಮಾತಾಡಿ, ಕೊಡುತ್ತಾರೆ.

ಅಭ್ಯಾಸಕ್ಕೆ ಲಿಪೋ (ಹಗುರವಾದ ಲಿಥಿಯಂ ಪಾಲಿಮರ್ ಬ್ಯಾಟರಿ) ಬೇಡ. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಎಎಚ್ ಬ್ಯಾಟರಿ ಸಾಕು. ಎರಡು ಕೆಜಿ ಮೇಲೆ ಭಾರ ಇದೆ ಅನ್ನೋದೊಂದೇ ಕಷ್ಟ. ಲೋಡ್ ಬಂದಾಗ ಅದು ಲಿಪೋಗಿಂತ ಬೇಗ ವೋಲ್ಟೇಜ್ ಬಿಡುತ್ತದೆ, ಹಾಗಾಗಿ ವೈರಿಂಗ್ ತಪ್ಪು ಬೇಗ ಹೊರಗೆ ಬರುತ್ತದೆ. ಆದರೆ ಲಿಪೋಗೆ ಬದಲಾಯಿಸಿದ ದಿನ ರೋಬೋಟ್ ಜಾಸ್ತಿ ಚುರುಕಾಗಿರುತ್ತದೆ. ಸ್ಪೀಡ್ ಲಿಮಿಟ್ ಕಡಿಮೆ ಮಾಡಿಕೊಂಡು ಶುರು ಮಾಡಿ, ಇಲ್ಲವಾದರೆ ಗೋಡೆಗೇ.

ಡ್ರೈವರ್ ವಿಷಯ. ನಾಲ್ಕು ಮೆಕಾನಮ್ ಚಕ್ರಕ್ಕೆ (ಸುತ್ತ ಓರೆ ರೋಲರ್ ಇದ್ದು ಅಡ್ಡಕ್ಕೂ ಓಡುವ ಚಕ್ರ) ಸಾವಿರಗಟ್ಟಲೆ ಕೊಟ್ಟು, ಅದನ್ನು ಓಡಿಸೋಕೆ ನೂರು ಚಿಲ್ಲರೆ ರೂಪಾಯಿಯ ಎಲ್298ಎನ್ ಡ್ರೈವರ್ ಎರಡು ಇಟ್ಟಿದ್ದೀರಿ. ಅದು ಹಳೇ ಕಾಲದ ಚಿಪ್, ಒಂದು ಆಂಪ್‌ಗೇ ಎರಡು ವೋಲ್ಟ್ ಹತ್ತಿರ ತಾನೇ ನುಂಗಿ ಬಿಸಿ ಮಾಡುತ್ತದೆ, ಚಾನೆಲ್‌ಗೆ ಎರಡು ಆಂಪ್‌ಗಿಂತ ಮೇಲೆ ಕೇಳೋ ಹಾಗಿಲ್ಲ. ಗೆರೆ ಹಿಡಿದು ಓಡುವ ಪುಟ್ಟ ಲೈನ್ ಫಾಲೋವರ್ ರೋಬೋಟ್‌ಗೆ ಸರಿ. ನಿಮ್ಮ ಮೋಟರ್‌ನ ಸ್ಟಾಲ್ ಕರೆಂಟ್ ಎಷ್ಟು ಅಂತ ಡೇಟಾಶೀಟ್ ನೋಡಿದ್ದೀರಾ? ಇನ್ನೊಂದು ಡ್ರೈವರ್ ಬಿಟಿಎಸ್7960, ಅದರ ಮಾಡ್ಯೂಲ್ ಮೇಲೆ 43 ಆಂಪ್ ಅಂತ ಬರೆದಿರುತ್ತಾರೆ. ಅದು ಚಿಪ್‌ನ ಮಿತಿ, ಆ ಸಣ್ಣ ಹೀಟ್‌ಸಿಂಕ್ ಇಟ್ಟುಕೊಂಡು ಅಷ್ಟು ಬರಲ್ಲ. ಆದರೂ ಕಾಸಿಗೆ ತಕ್ಕ ಮಾಲು. ದುಡ್ಡಿದ್ದರೆ ಸೈಟ್ರಾನ್ ಕಂಪನಿಯ ಡ್ರೈವರ್ ತಗೊಳ್ಳಿ, ನನಗೆ ಅದರ ಮೇಲೆ ನಂಬಿಕೆ. ಯಾವುದೇ ಆಗಲಿ, ಪ್ಲಸ್ ಮೈನಸ್ ಅದಲು ಬದಲು ಆದರೆ ಹೊಗೆ. ಅದಕ್ಕೇ ಬ್ಯಾಟರಿಗೆ ಎಕ್ಸ್‌ಟಿ60 ಕನೆಕ್ಟರ್, ಉಲ್ಟಾ ಹಾಕೋಕೇ ಬರಲ್ಲ. ಕ್ರೊಕೊಡೈಲ್ ಕ್ಲಿಪ್ ಇಟ್ಟುಕೊಂಡು ಬ್ಯಾಟರಿ ಹತ್ತಿರ ಹೋಗುವವರನ್ನು ರೂಮಿಂದ ಹೊರಗೆ ಕಳಿಸಿ.

ಫ್ಯೂಸ್‌ಗೆ ಆನ್‌ಲೈನ್ ಹುಡುಕಬೇಡಿ. ಹಾಸನದಲ್ಲಿ ಯಾವುದೇ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೆ ಕಾರಿನ ಬ್ಲೇಡ್ ಫ್ಯೂಸ್, ಹೋಲ್ಡರ್ ಎರಡೂ ಸಿಗುತ್ತವೆ. ಅಲ್ಲೇ ಒಂದು ಹೆಡ್‌ಲೈಟ್ ರಿಲೇನೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್) ತಗೊಳ್ಳಿ, 40 ಆಂಪ್‌ನದು. ಯಾಕೆ ಅಂದರೆ ಎಮರ್ಜೆನ್ಸಿಗೆ ಹಾಕುವ ಆ ಕೆಂಪು ಅಣಬೆ ಸ್ವಿಚ್ ಮೇಲೆ 10 ಆಂಪ್ ಅಂತ ಇದ್ದರೂ ಅದು ಎಸಿಗೆ. ಡಿಸಿಯಲ್ಲಿ ಕಿಡಿ ಆರಲ್ಲ, ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ, ಆಮೇಲೆ ಒತ್ತಿದರೂ ರೋಬೋಟ್ ನಿಲ್ಲಲ್ಲ. ಸ್ವಿಚ್‌ನಲ್ಲಿ ರಿಲೇ ಕಾಯಿಲ್ ಕರೆಂಟ್ ಮಾತ್ರ ಹರಿಯಲಿ, ರಿಲೇ ಮೋಟರ್‌ಗಳ ಪವರ್ ಕಡಿಯಲಿ. ಕಂಟ್ರೋಲರ್ ಆನ್ ಇರಲಿ, ಏನಾಯಿತು ಅಂತ ಲಾಗ್ ಓದಬಹುದು. ರೂಲ್‌ಬುಕ್‌ನಲ್ಲಿ ಎಮರ್ಜೆನ್ಸಿ ಸ್ವಿಚ್ ಬಗ್ಗೆ ಏನಿದೆ, ಬ್ಯಾಟರಿ ವೋಲ್ಟೇಜ್ ಮಿತಿ ಎಷ್ಟು, ಎರಡನ್ನೂ ಟೀಮ್‌ನಲ್ಲಿ ಇಬ್ಬರು ಬೇರೆ ಬೇರೆಯಾಗಿ ಓದಿ.

ಗ್ರಿಪ್ಪರ್ ಬೆರಳಿಗೆ ಟಿಪಿಯು (ರಬ್ಬರಿನಂಥ ಪ್ಲಾಸ್ಟಿಕ್) 3ಡಿ ಪ್ರಿಂಟ್ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿ, ಹಿಡಿತ ಚೆನ್ನಾಗಿರುತ್ತದೆ, ಸವೆದರೆ ಐದು ನಿಮಿಷದಲ್ಲಿ ಇನ್ನೊಂದು. ಅದಕ್ಕಿಂತ ಮುಖ್ಯ, ಗ್ರಿಪ್ಪರ್ ಆಡಿಸುವ ಪುಟ್ಟ ಮೋಟರ್‌ಗಳಿಗೆ, ಆ ಎಂಜಿ996ಆರ್ ಸರ್ವೋಗಳಿಗೆ, ಇಎಸ್‌ಪಿ ಬೋರ್ಡ್‌ನ 5 ವೋಲ್ಟ್ ಪಿನ್‌ನಿಂದ ಪವರ್ ಕೊಟ್ಟಿದ್ದೀರಲ್ಲ, ಇವತ್ತೇ ಕೀಳಿ. ಒಂದು ಸರ್ವೋ ಸಿಕ್ಕಿಹಾಕಿಕೊಂಡರೆ 6 ವೋಲ್ಟ್‌ಗೆ ಎರಡೂವರೆ ಆಂಪ್. ಸರ್ವೋಗೆ ಬೇರೆ ಬಕ್, ಗ್ರೌಂಡ್ ಮಾತ್ರ ಒಂದೇ. ಎಲ್‌ಎಂ2596 ಮೇಲೆ 3 ಆಂಪ್ ಅಂತ ಇದ್ದರೂ ಎರಡರ ಮೇಲೆ ಸುಡುತ್ತದೆ, ಯುಬಿಇಸಿ (ಅದೂ ವೋಲ್ಟೇಜ್ ಇಳಿಸುವ ಬೋರ್ಡೇ) ವಾಸಿ. ಬಕ್ ಆದರೆ ಸರ್ವೋ ಜೋಡಿಸುವ ಮುಂಚೆ ಮೀಟರ್ ಇಟ್ಟು ಸ್ಕ್ರೂ ತಿರುಗಿಸಿ ಸೆಟ್ ಮಾಡಿ, ಅಂಗಡಿಯಿಂದ ಬಂದಾಗ ಅದು ಎಷ್ಟರಲ್ಲಿರುತ್ತದೋ ಹೇಳೋಕಾಗಲ್ಲ.

ಮೆಕಾನಮ್ ಬಗ್ಗೆ. ಮೇಲಿಂದ ತೆಗೆದ ಫೋಟೋದಲ್ಲಿ ಹಿಂದಿನ ಎರಡು ಚಕ್ರ ಅದಲು ಬದಲಾಗಿವೆ. ಮೇಲಿಂದ ನೋಡಿದರೆ ನಾಲ್ಕೂ ಚಕ್ರದ ರೋಲರ್ ಸೇರಿ ಗುಣಾಕಾರದ ಗುರುತಿನ ಹಾಗೆ ಕಾಣಬೇಕು. ಈಗಿರುವ ಹಾಗೆ ಬಿಟ್ಟರೆ ಅಡ್ಡ ಓಡಿಸೋಕೆ ಹೋದಾಗ ಒದ್ದಾಡುತ್ತದೆ. ನಾಲ್ಕೂ ಚಕ್ರ ನೆಲ ಮುಟ್ಟುತ್ತಿವೆಯಾ ಅಂತ ಒಂದೊಂದರ ಕೆಳಗೂ ಪೇಪರ್ ತೂರಿಸಿ ಎಳೆದು ನೋಡಿ. ಸುಮ್ನೆ ಜಾರಿ ಬಂದರೆ ಆ ಚಕ್ರಕ್ಕೆ ಭಾರ ಬೀಳುತ್ತಿಲ್ಲ.

ಮೋಟರ್ ಶಾಫ್ಟನ್ನು ಚಕ್ರಕ್ಕೆ ಸೇರಿಸುವ ಕಪ್ಲಿಂಗ್ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ್ದೀರಿ, ಅದು ನಿಲ್ಲಲ್ಲ. ನಮ್ಮ ಕಡೆ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ ಮಾಡುವ ಲೇತ್ ವರ್ಕ್‌ಶಾಪ್‌ಗಳಿವೆಯಲ್ಲ, ಅಳತೆ ಬರೆದುಕೊಂಡು ಹೋಗಿ. ಕೊಯ್ಲು ಶುರುವಾಗುವ ಮುಂಚೆ ಹೋಗಿ, ಆಮೇಲೆ ಅವರು ನಿಮ್ಮ ಮುಖ ಕೂಡ ನೋಡಲ್ಲ. ಕಪ್ಲಿಂಗ್ ಬಿಗಿಯುವ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಡಿ ಶಾಫ್ಟ್‌ನ ಚಪ್ಪಟೆ ಕಡೆಗೇ ಬರಬೇಕು, ಸಡಿಲ ಆಗದ ಹಾಗೆ ಒಂದು ಹನಿ ನೀಲಿ ಲಾಕ್‌ಟೈಟ್ ಅಂಟು ಹಾಕಿ. ಎಬಿಎಸ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಭಾಗಕ್ಕೆ ಆ ಅಂಟು ತಾಗಿಸಬೇಡಿ, ಸೀಳು ಬಿಡುತ್ತದೆ.

ಪ್ರಿಂಟ್‌ನಲ್ಲಿ ಎಳೆ ಎಳೆ ಬರುತ್ತಿದೆ ಅಂದಿದ್ದು ಪ್ರಿಂಟರ್ ತೊಂದರೆ ಅಲ್ಲ ಅನ್ನಿಸುತ್ತದೆ. ಮಳೆ ಹಿಡಿದಾಗ ಮಲೆನಾಡಲ್ಲಿ ಉಪ್ಪೇ ನೀರಾಗುತ್ತದೆ, ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ದಾರ ಫಿಲಮೆಂಟ್ ಬಿಡುತ್ತದಾ? ನಾಝಲ್ ಹತ್ತಿರ ಪಟಪಟ ಸದ್ದು ಕೇಳಿದರೆ ತೇವ ಇದೆ ಅಂತಲೇ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್.

ವೈರಿಂಗ್‌ಗೆ ಇಷ್ಟು ಹೊತ್ತು ಕೊಟ್ಟರೆ ಆಟದ ಮೆಕ್ಯಾನಿಸಂಗೆ ಟೈಮ್ ಸಾಲಲ್ಲ ಅನ್ನುತ್ತೀರಿ, ಗೊತ್ತು. ರೋಬೋಕಾನ್‌ನಲ್ಲಿ ಆಟ ಪ್ರತಿ ವರ್ಷ ಬದಲಾಗುತ್ತದೆ. 2022ರಲ್ಲಿ ನಮ್ಮ ದೇಶದಲ್ಲೇ ನಡೆದಾಗ ಲಗೋರಿ, 2025ರಲ್ಲಿ ಮಂಗೋಲಿಯಾದಲ್ಲಿ ಬಾಸ್ಕೆಟ್‌ಬಾಲ್. ಈ ವರ್ಷದ ಗ್ರಿಪ್ಪರ್ ಮುಂದಿನ ವರ್ಷ ಗುಜರಿಗೆ. ಓಡುವ ಬೇಸ್, ಈ ಹಲಗೆ, ಯಾವ ವೈರ್ ಎಲ್ಲಿಗೆ ಅಂತ ಬರೆದ ಹಾಳೆ, ಇವು ನಿಮ್ಮ ಜೂನಿಯರ್‌ಗಳಿಗೂ ಬರುತ್ತವೆ. ಮತ್ತೆ, ಬೇಸ್ ಬೇಗ ಓಡಿದರೆ ಡ್ರೈವರ್‌ಗೆ, ಅಂದರೆ ಓಡಿಸುವವರಿಗೆ, ಕೈ ಪಳಗೋಕೆ ಟೈಮ್ ಸಿಗುತ್ತದೆ. ಯಾರು ಓಡಿಸುತ್ತೀರಿ ಅಂತ ಈಗಲೇ ತೀರ್ಮಾನ ಮಾಡಿ. ಟೀಮ್ ಲೀಡರ್ರೇ ಓಡಿಸಬೇಕು ಅಂತ ಏನೂ ಇಲ್ಲ.

ಲಿಪೋ ತಗೊಳ್ಳುವಾಗ ಜೊತೆಗೆ ಬ್ಯಾಲೆನ್ಸ್ ಚಾರ್ಜರ್, ವೋಲ್ಟೇಜ್ ಬಝರ್ ಎರಡೂ ಬೇಕು. ಬಝರ್ ಸೆಲ್‌ಗೆ 3.5 ವೋಲ್ಟ್‌ಗೆ ಸೆಟ್ ಮಾಡಿ, ಕೂಗಿದರೆ ನಿಲ್ಲಿಸಿ, "ಇನ್ನೊಂದೇ ರೌಂಡ್" ಬೇಡ. ಎತ್ತಿಡುವಾಗ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಎತ್ತಿಡಿ. ಹಾಸ್ಟೆಲ್ ರೂಮಲ್ಲಿ ಚಾರ್ಜ್‌ಗೆ ಹಾಕಿ ಊಟಕ್ಕೆ ಹೋಗಬೇಡಿ. ಸ್ಪರ್ಧೆಗೆ ವಿಮಾನದಲ್ಲಿ ಹೋಗುವುದಾದರೆ ಬ್ಯಾಟರಿ ಆಯ್ಕೆ ಮಾಡುವಾಗ ಆ ಲೆಕ್ಕವೂ ನೋಡಿಕೊಳ್ಳಿ. 4ಎಸ್ 5200 (ನಾಲ್ಕು ಸೆಲ್, 5200 ಎಂಎಎಚ್) ಅಂದರೆ 77 ವಾಟ್-ಅವರ್, ಕೈಚೀಲದಲ್ಲಿ ಬಿಡುತ್ತಾರೆ. 6ಎಸ್ 5200 ಆದರೆ 115, 100 ದಾಟಿದ್ದಕ್ಕೆ ಏರ್‌ಲೈನ್‌ನವರ ಒಪ್ಪಿಗೆ ಮೊದಲೇ ಬೇಕು.

ಫ್ಯೂಸ್ ಎಷ್ಟರದು ಹಾಕಬೇಕು ಅಂತ ಈಗಲೇ ಕೇಳಬೇಡಿ. ಹಲಗೆ ಮಾಡಿ, ಇಟ್ಟಿಗೆ ಹೇರಿ ಓಡಿಸಿ, ಮೋಟರ್ ಮಾಡೆಲ್ ನಂಬರ್, ವೋಲ್ಟೇಜ್ ಎಷ್ಟಕ್ಕೆ ಇಳಿಯಿತು, ರೀಸೆಟ್ ಕಾರಣ ಏನು ಪ್ರಿಂಟ್ ಆಯಿತು, ಮೂರೂ ಇಲ್ಲಿ ಹಾಕಿ. ಹಲಗೆಯ ಫೋಟೋ ಮೇಲಿಂದ ತೆಗೆಯಿರಿ, ವೈರ್ ಬಣ್ಣ ಕಾಣುವ ಹಾಗೆ. ಎಲ್ಲ ಕೆಂಪು ವೈರೇ ಆಗಿದ್ದರೆ ನಾನು ಉತ್ತರ ಕೊಡಲ್ಲ.